ಎಂಜಿನ್ನಿನ ನೀರಿನಲ್ಲಿ ಮಜ್ಜನ

ನಮ್ಮ ಅತ್ತೆ ಬದುಕಿರುವ ತನಕ ಮನೆಗೆ ಬಂದವರಿಗೆಲ್ಲ ಒಂದು ಮಾತು ಹೇಳದೆ ಕಳಿಸುತ್ತಿರಲಿಲ್ಲ. ಚಹಾ ಹಿಡಿದು ನಾನು ಹೊರಗೆ ಬಂದದ್ದೇ ತಡ, ನನ್ನತ್ತ ಬೆರಳು ಮಾಡಿ, "ನನ್ನ ಲಿಂಗ ಕೆಡಿಸಿದಾಕಿ ಈಕೀನೇ ನೋಡ್ರಿ" ಎನ್ನುತ್ತಿದ್ದರು. ಬಂದವರು ಗಾಬರಿಯಾಗಿ ನನ್ನ ಮುಖ ನೋಡುತ್ತಿದ್ದರು. ಅತ್ತೆ ಮಾತ್ರ ಬಾಯಿ ತುಂಬ ನಗುತ್ತಿದ್ದರು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ರೂಢಿಯಾಯಿತು. ಯಾಕೆಂದರೆ ಮಾತು ನಿಜವೇ ಆಗಿತ್ತು, ಲಿಂಗ ಕೆಡಿಸಿದ್ದು ನಾನೇ. ಆದರೆ ಅದನ್ನು ಹೇಳುವಾಗ ಅವರಿಗೆ ಅಷ್ಟೊಂದು ಖುಷಿ ಯಾಕೆ ಎಂಬುದು ನನಗೆ ಬಹಳ ವರ್ಷ ತಿಳಿಯಲಿಲ್ಲ.

ಈ ಕಥೆಯಲ್ಲಿ ನನಗೆ ತಿಳಿದದ್ದಕ್ಕಿಂತ ತಿಳಿಯದೆ ಉಳಿದದ್ದೇ ಹೆಚ್ಚು. ನೀರಿನ ವಿಷಯವನ್ನು ಪುಸ್ತಕ ಓದಿ ಕಲಿತವರು ಬಂದು ನನ್ನನ್ನು ತಿದ್ದಬಹುದು. ತಿದ್ದಿದರೂ ನನ್ನ ತಲೆಗೆ ಹೋಗುತ್ತದೆಂಬ ಭರವಸೆ ಇಲ್ಲ.

ನನ್ನ ತವರು ಚಿಂಚೋಳಿಯ ಕಡೆ, ಚಂದಾಪುರದ ಬಜಾರಿಗೆ ನಡೆದು ಹೋಗಿಬರುವಷ್ಟು ದೂರದ ಹಳ್ಳಿ. ಅಲ್ಲಿ ಕುಡಿಯಲು ಹೊಳೆಯ ನೀರು. ಮಳೆಗಾಲದಲ್ಲಿ ಅದು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಅವ್ವ ಚಿಲ್ಲದ ಬೀಜವನ್ನು ಕೊಡದ ಒಳಮೈಗೆ ಗರಗರ ತಿಕ್ಕಿ ನೀರು ತುಂಬಿ ಇಡುತ್ತಿದ್ದಳು. ಒಂದೆರಡು ತಾಸಿನಲ್ಲಿ ಕೆಸರೆಲ್ಲ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತಿತ್ತು. ಕದಡಿದ್ದು ಕೆಟ್ಟ ನೀರು, ತಿಳಿಯಾದದ್ದು ಒಳ್ಳೆಯ ನೀರು. ಇಷ್ಟು ಗೊತ್ತಿದ್ದರೆ ಸಂಸಾರಕ್ಕೆ ಸಾಕು ಎಂದುಕೊಂಡೇ ನಾನು ಮದುವೆಯಾಗಿ ವಾಡಿಗೆ ಬಂದೆ.

ಆಗ ಹೈದರಾಬಾದ್ ರಾಜ್ಯ ಇನ್ನೂ ಇತ್ತು. ಗಲಾಟೆಯ ವರ್ಷ ಕಳೆದು, ಪೊಲೀಸ್ ಕಾರ್ಯಾಚರಣೆಯೂ ಮುಗಿದು ಮೂರ್ನಾಲ್ಕು ವರ್ಷಗಳಾಗಿದ್ದವು. ನನ್ನ ಗಂಡ ರೈಲ್ವೆಯಲ್ಲಿ ಎಂಜಿನ್ನಿಗೆ ನೀರು ಕೊಡುವ ಕೆಲಸದಲ್ಲಿದ್ದಾರೆ ಎಂದು ನಮ್ಮ ಮನೆಯವರು ಹೇಳಿದ್ದರು. ಎತ್ತಿಗೆ ನೀರು ಕುಡಿಸಿದ ಹಾಗೆ ಬಕೀಟು ಹಿಡಿದು ಓಡಾಡುತ್ತಾರೇನೋ ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ವಾಡಿಯ ರೈಲ್ವೆ ಕ್ವಾರ್ಟರ್ಸಿನ ಬಾವಿಯಲ್ಲಿ ಮೊದಲ ದಿನ ಇಣುಕಿ ನೋಡಿ ಬೆರಗಾದೆ. ತಳದ ಫರಸಿ ಕಲ್ಲು ಎಣಿಸುವಷ್ಟು ತಿಳಿನೀರು! ಇಂಥ ನೀರು ಕುಡಿಯುವ ಪುಣ್ಯ ನನ್ನದಾಯಿತಲ್ಲ ಎಂದು ಹಿಗ್ಗಿ, ಮದುವೆಯ ಹೊಸ ಸಾಬೂನು ತೆಗೆದು ತಲೆಗೆ ಹಚ್ಚಿದೆ. ನೊರೆ ಬರಲಿಲ್ಲ. ಹಾಲು ಒಡೆದ ಹಾಗೆ ಸಾಬೂನು ಒಡೆದು ಕೂದಲಿಗೆ ಅಂಟಿತು. ಎಷ್ಟು ತೊಳೆದರೂ ಜಿಗಿ ಹೋಗಲಿಲ್ಲ. ಹೊಸ ಮದುಮಗಳು ಬೇವಿನ ಅಂಟು ಮೆತ್ತಿಕೊಂಡವಳ ಹಾಗೆ ಕೂತೆ. ಅದೇ ದಿನ ಒಲೆಯ ಮೇಲಿಟ್ಟ ತೊಗರಿಬೇಳೆ ಮಧ್ಯಾಹ್ನ ಹೊರಳಿದರೂ ಗಟ್ಟಿಯಾಗಿಯೇ ಇತ್ತು.

ಪಕ್ಕದ ಕ್ವಾರ್ಟರ್ಸಿನಲ್ಲಿ ಎಂಜಿನ್ನಿಗೆ ಕಲ್ಲಿದ್ದಿಲು ಹಾಕುವ ಫಾಯರ್‌ಮನ್ ಒಬ್ಬರ ಹೆಂಡತಿ ಇದ್ದರು. ಚಿತ್ತಾಪುರದವರು. ನಾನು ಅವರನ್ನು ಚಾಚಿ ಎನ್ನುತ್ತಿದ್ದೆ. ನನ್ನ ಕೂದಲು ನೋಡಿ ಅವರಿಗೆ ಎಲ್ಲ ತಿಳಿಯಿತು.

"ಇಲ್ಲಿ ನೀರು ಭಾರಿ ಅದ ಬೇಟಿ" ಎಂದರು.

"ಭಾರಿ ಅಂದ್ರ? ತೂಕ ಭಾಳ ಏನ್ರಿ?"

"ತೂಕ ಅಲ್ಲ. ಅದರಾಗ ಕಲ್ಲು ಅದ."

ನಾನು ಬಾವಿಗೆ ಹೋಗಿ ಮತ್ತೊಮ್ಮೆ ಇಣುಕಿದೆ. ಕಲ್ಲು ತಳದಲ್ಲಿತ್ತೇ ಹೊರತು ನೀರಿನಲ್ಲಿ ಇರಲಿಲ್ಲ. ಆದರೂ ಹಿರಿಯರ ಮಾತು ಎಂದು, ತವರಿನಿಂದ ತಂದಿದ್ದ ಚಿಲ್ಲದ ಬೀಜ ತೆಗೆದು ಕೊಡಕ್ಕೆ ತಿಕ್ಕಿ ಇಟ್ಟೆ. ತಿಳಿಯಾಗಿದ್ದ ನೀರು ತಿಳಿಯಾಗಿಯೇ ಉಳಿಯಿತು. ಸಾಬೂನು ಮತ್ತೆ ಒಡೆಯಿತು. ಚಾಚಿ ಸೊಂಟ ಹಿಡಿದುಕೊಂಡು ನಕ್ಕು, ಆಮೇಲೆ ಉಪಾಯ ಹೇಳಿಕೊಟ್ಟರು. ಕುಡಿಯುವ ನೀರನ್ನು ಕುದಿಸಿ, ಆರಿಸಿ, ಮೇಲಿನದಷ್ಟೇ ಬಸಿದುಕೊಳ್ಳಬೇಕು. ಬಟ್ಟೆಯ ನೀರಿಗೆ ಸೋಡಾ ಹಾಕಬೇಕು, ಸೋಡಾ ಇಲ್ಲದಿದ್ದರೆ ಬೂದಿಯ ತಿಳಿ. ತಲೆಗೆ ಮಾತ್ರ ಮಳೆ ನೀರು, ಅದಕ್ಕೆ ಸಮ ಬೇರೆ ಯಾವುದೂ ಇಲ್ಲ.

ನಾನು ಕುದಿಸಿದೆ. ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟಿತು, ಬೇಳೆ ಸ್ವಲ್ಪ ಬೇಗ ಬೆಂದಿತು. ಆದರೆ ಸಾಬೂನು ಇನ್ನೂ ಅರ್ಧ ಒಡೆಯುತ್ತಿತ್ತು. ಬೇಳೆಗೇ ಸೋಡಾ ಹಾಕಿದರೆ ಇನ್ನೂ ಬೇಗ ಬೇಯಬಹುದು ಎಂದು ಬಟ್ಟೆ ಸೋಡಾ ಒಂದು ಚಿಟಿಕೆ ಹಾಕಿದೆ. ಬೇಳೆ ಕರಗಿ ಗಂಜಿಯಾಗಿ, ತೊಳೆದ ಬಟ್ಟೆಯ ರುಚಿ ಬಂತು. ಗಂಡ ತುಟಿ ಎರಡು ಮಾಡದೆ ಉಂಡು ಎದ್ದರು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಒಂದು ದಿನ ಬುತ್ತಿ ಕೊಡುವ ನೆವದಿಂದ ಅವರ ಕೆಲಸದ ಜಾಗಕ್ಕೆ ಹೋದೆ. ಬಕೀಟು ಇರಲಿಲ್ಲ. ಮನೆಯೆತ್ತರದ ಎರಡು ಕಬ್ಬಿಣದ ತೊಟ್ಟಿಗಳಿದ್ದವು. ನನ್ನ ಗಂಡ ಬಿಳಿ ಸುಣ್ಣದ ಹಾಲು ಕಲಸಿ ಒಂದು ತೊಟ್ಟಿಗೆ ಬಿಡುತ್ತಿದ್ದರು, ಮೇಲೆ ಸೋಡಾ.

"ಸುಣ್ಣ ಯಾಕ ಹಾಕ್ಲಿಕತ್ತೀರಿ?" ಎಂದೆ.

"ನೀರಾಗಿನ ಸುಣ್ಣ ತೆಗೀಲಿಕ್ಕ."

"ಸುಣ್ಣ ತೆಗೀಲಿಕ್ಕ ಸುಣ್ಣ ಹಾಕ್ತೀರೇನು?"

"ಹೂಂ."

"ಹಂಗಾದ್ರ ಎರಡು ಪಟ್ಟು ಸುಣ್ಣ ಆಗ್ತದಲ್ಲ?"

"ಆಗಂಗಿಲ್ಲ. ಎರಡೂ ಕೂಡಿ ತಳಕ್ಕ ಕುಂದ್ರತಾವ."

"ಅದು ಹ್ಯಾಂಗ?"

ಅವರು ಸುಣ್ಣದ ಕೈ ಒರೆಸಿಕೊಂಡು ತೊಟ್ಟಿಯ ಕಡೆ ನೋಡಿದರು. "ಹ್ಯಾಂಗ ಅಂದ್ರ ನಂಗೂ ಗೊತ್ತಿಲ್ಲ. ಕುಂದ್ರತಾವ, ನಾ ದಿನಾ ನೋಡ್ತೀನಿ" ಎಂದರು. ಒಂದು ಥರದ ಸುಣ್ಣ ಕುದಿಸಿದರೇ ಹೋಗುತ್ತದಂತೆ, ಇನ್ನೊಂದು ಥರದ್ದು ಸೋಡಾ ಇಲ್ಲದೆ ಹೋಗುವುದಿಲ್ಲವಂತೆ. ಹಾಗಾದರೆ ಸುಣ್ಣ ಎಷ್ಟು ಥರ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರನ್ನು ಯಾರೋ ಕರೆದರು. ನನಗೆ ಅಲ್ಲಿ ತಿಳಿದದ್ದು ಒಂದೇ. ಗಡಸು ನೀರು ಕುಡಿದರೆ ಎಂಜಿನ್ನಿನ ಹೊಟ್ಟೆಯಲ್ಲಿ ಕಲ್ಲು ಕಟ್ಟುತ್ತದೆ ಎಂದು ಸರ್ಕಾರ ಅದಕ್ಕೆ ಮೆದು ನೀರು ಮಾಡಿ ಕುಡಿಸುತ್ತದೆ. ಕ್ವಾರ್ಟರ್ಸಿನ ನಾವು ಮನುಷ್ಯರು ಕಲ್ಲು ಕುಡಿಯಬೇಕು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ನೀರು ಮೆದುವಾಯಿತೋ ಇಲ್ಲವೋ ಎಂದು ನೋಡಲು ಅವರ ಹತ್ತಿರ ಒಂದು ಸಣ್ಣ ಸೀಸೆ ಇತ್ತು. ಅದರಲ್ಲಿ ನೀರು ತುಂಬಿ, ಕರಗಿಸಿದ ಸಾಬೂನನ್ನು ಹನಿಹನಿಯಾಗಿ ಬಿಟ್ಟು ಕುಲುಕಬೇಕು. ಕೆಲವೇ ಹನಿಗೆ ನೊರೆ ಬಂದು ನಿಂತರೆ ಮೆದು ನೀರು. ಎಷ್ಟು ಹನಿ ಬಿಟ್ಟರೂ ಒಡೆದು ಕೆನೆಯಾದರೆ ಗಡಸು. ನನಗೆ ಅದು ಬಹಳ ಹಿಡಿಸಿತು. ಅಂಥದೇ ಹಳೆಯ ಸೀಸೆಯೊಂದನ್ನು ಕೇಳಿ ಮನೆಗೆ ತಂದೆ.

ಇಷ್ಟು ಗೊಂದಲ ಸಾಲದು ಎನ್ನುವ ಹಾಗೆ ಆ ಚಳಿಗಾಲದಲ್ಲಿ ಅತ್ತೆ ನಮ್ಮ ಜೊತೆ ಇರಲು ಬಂದರು. ಮಾವ ಗಲಾಟೆಯ ವರ್ಷವೇ ತೀರಿಕೊಂಡಿದ್ದರು. ಸೇಡಂ ಹತ್ತಿರದ ಊರಿನಲ್ಲಿ ಅತ್ತೆ ಮೈದುನರ ಮನೆಯಲ್ಲಿದ್ದರು. ಮಗನಿಗೆ ಸಂಸಾರವಾಯಿತೆಂದು ಒಂದು ಟ್ರಂಕು, ಒಂದು ಕಂಬಳಿ ತೆಗೆದುಕೊಂಡು ರೈಲು ಹತ್ತಿ ಬಂದುಬಿಟ್ಟರು. ಒಳ್ಳೆಯ ಹೆಂಗಸು, ಕೊಂಕು ಮಾತಿಲ್ಲ. ಪೂಜೆಯ ವಿಷಯದಲ್ಲಿ ಮಾತ್ರ ಒಂದು ಕೂದಲೆಳೆ ಆಚೀಚೆ ಆಗುವಂತಿರಲಿಲ್ಲ. ಬೆಳಿಗ್ಗೆ ನಾನು ಸ್ನಾನ ಮಾಡಿ, ಯಾರೊಂದಿಗೂ ಮಾತಾಡದೆ ಬಾವಿಯಿಂದ ಒಂದು ತಂಬಿಗೆ ನೀರು ಸೇದಿ ತರಬೇಕು. ಲಿಂಗಪೂಜೆಗೆಂದು ಮೀಸಲಾಗಿ ತರುವ ಆ ನೀರಿಗೆ ನಮ್ಮ ಕಡೆ ಅಗ್ಗವಣಿ ಎನ್ನುತ್ತಾರೆ. ಅತ್ತೆ ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು ಅಗ್ಗವಣಿಯಿಂದ ಮಜ್ಜನ ಮಾಡಿಸಿ, ವಿಭೂತಿ, ಪತ್ರಿ, ಹೂ ಏರಿಸಿ, ಆ ನೀರನ್ನೇ ಒಂದು ಗುಟುಕು ತೀರ್ಥವಾಗಿ ಕುಡಿದ ಮೇಲೆಯೇ ಬಾಯಿಗೆ ತುತ್ತು.

ಅವರ ಲಿಂಗ ಅವರು ತೊಟ್ಟಿಲಲ್ಲಿದ್ದಾಗ ಗುರುಗಳು ಕಟ್ಟಿದ್ದು. ಲಿಂಗವೆಂದರೆ ಒಳಗೆ ಸಣ್ಣ ಕಲ್ಲು, ಮೇಲೆ ಎಣ್ಣೆ, ಕಾಡಿಗೆ, ಬೂದಿ ಏನೇನೋ ಕಲಸಿ ಕಟ್ಟಿದ ಕಪ್ಪು ಲೇಪ. ಐವತ್ತು ವರ್ಷ ಹೆಬ್ಬೆರಳು ಆಡಿ ಆಡಿ ಅದು ನೇರಳೆ ಹಣ್ಣಿನ ಹಾಗೆ ಮಿರಿಮಿರಿ ಹೊಳೆಯುತ್ತಿತ್ತು.

ಬಂದು ನಾಲ್ಕೈದು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಪೂಜೆಗೆ ಕೂತವರು ನನ್ನನ್ನು ಕರೆದರು.

"ನೋಡವಾ, ನನ್ನ ಕಣ್ಣಿಗೆ ಸರಿ ಕಾಣಂಗಿಲ್ಲ. ವಿಭೂತಿ ಒರಸೀನೋ ಇಲ್ಲೋ?"

ನಾನು ಬಗ್ಗಿ ನೋಡಿದೆ. ವಿಭೂತಿ ಅಲ್ಲ. ಲಿಂಗದ ಮೇಲೆ ತೆಳ್ಳಗೆ ಬಿಳಿ ಪೊರೆ ಬಂದಿತ್ತು. ವಸ್ತ್ರದಿಂದ ಒರೆಸಿದರೂ ಹೋಗಲಿಲ್ಲ. ಅತ್ತೆ ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. "ತರಿ ತರಿ ಹತ್ತತದ" ಎಂದರು. ಆ ದಿನ ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ವಾರ ಕಳೆಯುವುದರೊಳಗೆ ಒಪ್ಪೊತ್ತಿನ ಊಟಕ್ಕೆ ಇಳಿದರು.

ಮೈಗೆ ಸರಿಯಿಲ್ಲವೇ ಎಂದು ಕೇಳಿ ಕೇಳಿ ನಾನು ಸೋತ ಮೇಲೆ, ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ತಾವೇ ಬಾಯಿಬಿಟ್ಟರು. ಗಲಾಟೆಯ ವರ್ಷ ಊರಿಗೆ ಊರೇ ಗಂಟು ಕಟ್ಟಿಕೊಂಡು ಸರಹದ್ದು ದಾಟಿ ಸೋಲಾಪುರದ ಕಡೆ ಹೊರಟಾಗ ಇವರೂ ಗಾಡಿಯಲ್ಲಿ ಹೋಗಿದ್ದರು. ದಾರಿಯಲ್ಲಿ ಮೂರು ದಿನ ಮಜ್ಜನಕ್ಕೆ ನೀರು ಸಿಗಲಿಲ್ಲ. ಸಿಕ್ಕ ಗುಟುಕು ನೀರು ಕುಡಿಯಲಿಕ್ಕೇ ಸಾಲದು. ಮಾವನಿಗೆ ಜ್ವರ. "ನೀ ಉಣ್ಣದಿದ್ರ ನಾನೂ ಉಣ್ಣಂಗಿಲ್ಲ" ಎಂದು ಅವರು ಹಟ ಹಿಡಿದಾಗ, ಅತ್ತೆ ಲಿಂಗಪೂಜೆ ಇಲ್ಲದೆ ರೊಟ್ಟಿ ಮುರಿದು ಬಾಯಿಗಿಟ್ಟರು. ಮೂರು ದಿನ. ಆ ಕಡೆ ಮುಟ್ಟಿ ಒಂದು ತಿಂಗಳಿಗೆ ಮಾವ ಹೋಗಿಬಿಟ್ಟರು.

"ಪೂಜಿ ಬಿಟ್ಟು ಉಂಡ್ಳು, ಗಂಡನ್ನ ಕಳಕೊಂಡ್ಳು ಅಂತ ಎಲ್ಲಾರೂ ಅಂದ್ರು. ನಾನೂ ಅದನ್ನೇ ಅಂದುಕೊಂಡೆ. ಈಗ ಲಿಂಗಕ್ಕ ಪೊರಿ ಬಂದದ. ಅದು ಮರ್ತಿಲ್ಲವಾ" ಎಂದರು.

ನನಗೆ ತಡೆಯಲಿಲ್ಲ. ಬಿಳಿ ಪೊರೆ ಏನೆಂದು ನನಗೆ ಗೊತ್ತಿತ್ತಲ್ಲ! ಓಡಿಹೋಗಿ ನೀರು ಕುದಿಸುವ ಪಾತ್ರೆ ತಂದು ತೋರಿಸಿದೆ. "ಇದು ನೀರಿಂದು ಅತ್ತಿ. ಈ ನೀರಾಗ ಸುಣ್ಣ ಅದ. ನಿಮ್ಮ ತಪ್ಪಲ್ಲ" ಎಂದೆ.

ಅತ್ತೆ ಪಾತ್ರೆ ನೋಡಿದರು, ತಂಬಿಗೆಯ ನೀರು ನೋಡಿದರು. "ಇಷ್ಟು ತಿಳಿ ನೀರಾಗ ಸುಣ್ಣ ಎಲ್ಲದವಾ? ಸುಣ್ಣ ಇದ್ರ ಬೆಳ್ಳಗ ಇರಬೇಕಲ್ಲ?" ಎಂದರು.

ಎಂಟು ತಿಂಗಳಿಂದ ನಾನೂ ಅದನ್ನೇ ಕೇಳುತ್ತಿದ್ದೆ. ಪಾತ್ರೆ ಕುದಿಸಿದ್ದಕ್ಕೆ ಬೆಳ್ಳಗಾಯಿತು, ಲಿಂಗವನ್ನು ಯಾರು ಕುದಿಸಿದರು ಎಂದೂ ಅವರು ಕೇಳಿದರು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಅವರು ನನ್ನ ಮಾತನ್ನು ಸೊಸೆಯ ಸಮಾಧಾನ ಎಂದುಕೊಂಡರು. ಮರುದಿನದಿಂದ ಆ ಒಪ್ಪೊತ್ತಿನಲ್ಲೂ ಬರೇ ಒಂದು ರೊಟ್ಟಿ.

ಮಳೆ ನೀರು ಹಿಡಿಯೋಣವೆಂದರೆ ಅದು ಬೇಸಿಗೆಯ ಬಾಯಿ. ಕುದಿಸಿ ಕೊಡೋಣವೆಂದರೆ ಅಗ್ಗವಣಿ ಒಲೆ ಏರುವಂತಿಲ್ಲ, ಬಾವಿಯಿಂದ ನೇರ ಬರಬೇಕು. ಮಾತಿನಿಂದ ಆಗದ್ದನ್ನು ಕಳ್ಳತನದಿಂದ ಮಾಡುವುದೆಂದು ನಾನು ನಿಶ್ಚಯಿಸಿದೆ. ಎಂಜಿನ್ನಿನ ಮೆದು ನೀರು ದಿನಾ ಒಂದು ತಂಬಿಗೆ ತಂದುಕೊಡಿ ಎಂದು ಗಂಡನಿಗೆ ಗಂಟುಬಿದ್ದೆ.

"ಅದು ಪೂಜಿಗಿ ನಡೀತದೇನು? ಎಣ್ಣಿ ಕೈ, ಕಲ್ಲಿದ್ದಿಲು ಕೈ, ಯಾರ್ಯಾರ ಕೈ ಮುಟ್ಟಿರ್ತಾವ. ಅವ್ವಗ ತಿಳಿದ್ರ?"

"ತಿಳಿಯಂಗಿಲ್ಲ. ಹಿಂಗ ಉಪಾಸ ಬಿದ್ರ ಅವ್ರು ಉಳೀತಾರೇನು?"

ಅವರು ತಲೆ ಕೆರೆದುಕೊಂಡು ಒಪ್ಪಿದರು. ಬೆಳಿಗ್ಗೆ ನಾನು ಬಾವಿಗೆ ಹೋದ ಹಾಗೆ ಮಾಡಿ, ಹಿತ್ತಲಲ್ಲಿ ಮುಚ್ಚಿಟ್ಟ ಎಂಜಿನ್ನಿನ ನೀರನ್ನು ತಂಬಿಗೆಗೆ ಸುರಿದುಕೊಂಡು ಒಳಗೆ ತರುತ್ತಿದ್ದೆ. ನಾಲ್ಕು ದಿನ ಹಾಗೇ ಮಾಡಿದರೂ ಪೊರೆ ಕದಲಲಿಲ್ಲ. ಆಗ ನನಗೆ ಅವಸರ ಹೊಕ್ಕಿತು. ಮೆದು ಮಾಡುವುದು ಸೋಡಾ ತಾನೇ, ಇನ್ನಷ್ಟು ಹಾಕಿದರೆ ಇನ್ನಷ್ಟು ಮೆದುವಾಗಿ ಹಳೆಯ ಪೊರೆಯೂ ಕರಗಬಹುದು ಎಂದು ಲೆಕ್ಕ ಹಾಕಿ, ತಂಬಿಗೆಗೆ ಬಟ್ಟೆ ಸೋಡಾ ಸೇರಿಸಿದೆ. ಬೇಳೆ ಗಂಜಿಯಾದದ್ದು ನೆನಪಾಗಲಿಲ್ಲ. ನೆನಪಾಗಬೇಕಾದದ್ದು ಬೇಕಾದಾಗ ನೆನಪಾಗುವ ತಲೆ ದೇವರು ನನಗೆ ಕೊಟ್ಟಿಲ್ಲ.

"ಇವತ್ತು ಅಗ್ಗವಣಿ ಯಾಕೋ ಜಾರತದಲ್ಲ" ಎಂದರು ಅತ್ತೆ, ಬೆರಳಿಗೆ ಬೆರಳು ತಿಕ್ಕಿ. ತೀರ್ಥ ಕುಡಿದು ಮುಖ ಕಿವುಚಿದರು. ನಾನು ಕಿವುಡಿಯ ಹಾಗೆ ಕಸ ಗುಡಿಸುತ್ತಿದ್ದೆ.

ಮೂರನೆಯ ದಿನ ಬಿಳಿ ಪೊರೆ ಒಂದು ಕಡೆ ಬಿಟ್ಟುಕೊಂಡಿತು. ನನ್ನ ಸಂತೋಷ ಕೇಳಬೇಡಿ. ಐದನೆಯ ದಿನ ಅತ್ತೆ ಲಿಂಗ ಒರೆಸಿದ ಬಿಳಿ ವಸ್ತ್ರ ನೆಲದ ಮೇಲೆ ಬಿತ್ತು. ಅದರ ಮೇಲೆ ಕಪ್ಪು ಕಲೆ ಇತ್ತು. ಬಿಳಿ ಪೊರೆ ತಾನೊಂದೇ ಹೋಗಿರಲಿಲ್ಲ, ಕೆಳಗಿನ ಕಪ್ಪನ್ನೂ ಹಿಡಿದುಕೊಂಡು ಹೋಗಿತ್ತು. ಲಿಂಗದ ಮೈ ಮೆತ್ತಗಾಗಿತ್ತು, ನೆತ್ತಿಯ ಹತ್ತಿರ ಒಳಗಿನ ಕಲ್ಲು ಬೂದು ಬಣ್ಣದಲ್ಲಿ ಇಣುಕುತ್ತಿತ್ತು.

ಅತ್ತೆ ಅಳಲಿಲ್ಲ. ಅತ್ತಿದ್ದರೆ ನಾನೂ ಜೊತೆಗೆ ಅತ್ತು ಹಗುರಾಗುತ್ತಿದ್ದೆ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ಗೋಡೆಗೆ ಒರಗಿದರು. "ಲಿಂಗ ನನ್ನ ಕೈ ಬಿಡ್ಲಿಕತ್ತದ" ಎಂದರು. ಇನ್ನು ಅನ್ನ ನೀರು ಮುಟ್ಟುವುದಿಲ್ಲ ಎಂದರು.

ಗಂಡನಿಗೆ ಗಾಬರಿಯಾಯಿತು. ಲಿಂಗ ಕಟ್ಟುವ ಅಯ್ಯನವರೊಬ್ಬರು ಶಹಾಬಾದಿನಲ್ಲಿದ್ದಾರೆಂದು ಯಾರೋ ಹೇಳಿದ್ದೇ ಸಾಕು, ಸಿಕ್ಕ ಗಾಡಿ ಹತ್ತಿ ಹೊರಟೇಬಿಟ್ಟರು. ಅಯ್ಯನವರು ಊರಲ್ಲಿರಲಿಲ್ಲ, ಮರುದಿನ ಮಧ್ಯಾಹ್ನದ ಗಾಡಿಗೆ ಕರೆದುಕೊಂಡು ಬರುತ್ತೇನೆ ಎಂದು ವಾಡಿಗೆ ಬರುವ ಗಾಡಿಯ ಗಾರ್ಡಿನ ಕೈಯಲ್ಲಿ ಸುದ್ದಿ ಕಳಿಸಿದರು.

ಮರುದಿನ ಬೆಳಿಗ್ಗೆ ಮನೆಯಲ್ಲಿ ನಾವಿಬ್ಬರೇ. ಅತ್ತೆಯ ತುಟಿ ಒಣಗಿ ಬಿಳಿಚಿಕೊಂಡಿತ್ತು. ಹೇಳಿದರೆ ನನ್ನ ಗತಿ ಏನು ಎಂದು ಹೆದರಿಕೆ. ಎಂಜಿನ್ನಿನ ನೀರು ಕುಡಿಸಿ ಪೂಜೆ ಕೆಡಿಸಿದ ಸೊಸೆಯನ್ನು ಯಾವ ಅತ್ತೆ ಮನೆಯಲ್ಲಿಟ್ಟುಕೊಳ್ಳುತ್ತಾಳೆ? ಚಿಂಚೋಳಿಯ ದಾರಿ ಕಣ್ಣಿಗೆ ಬಂತು. ಹೇಳದಿದ್ದರೆ ಇವರು ಆ ಮೂರು ದಿನದ ರೊಟ್ಟಿಯನ್ನು ಎದೆಯ ಮೇಲಿಟ್ಟುಕೊಂಡೇ ಹೋಗಿಬಿಡುತ್ತಾರೆ. ಒಂದು ತಾಸು ಒಳಗೂ ಹೊರಗೂ ಓಡಾಡಿದೆ. ಕೊನೆಗೆ ಸೀಸೆ, ಸಾಬೂನಿನ ನೀರು, ಬಾವಿಯ ನೀರು, ಹಿತ್ತಲಲ್ಲಿ ಉಳಿದಿದ್ದ ಎಂಜಿನ್ನಿನ ನೀರು, ಎಲ್ಲ ತಂದು ಅವರ ಮುಂದೆ ಇಟ್ಟು ಕೂತೆ.

ಮೊದಲು ಸೀಸೆಯಲ್ಲಿ ಬಾವಿಯ ನೀರು ಹಾಕಿ ಸಾಬೂನು ಬಿಟ್ಟು ಕುಲುಕಿದೆ. ಒಡೆಯಿತು. ತೊಳೆದು ಎಂಜಿನ್ನಿನ ನೀರು ಹಾಕಿ ಕುಲುಕಿದೆ. ನೊರೆ ಬಂದು ಕುತ್ತಿಗೆಯ ತನಕ ನಿಂತಿತು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು.

"ಇದ್ಯಾವ ನೀರು?"

"ಎಂಜಿನ್ನಿಂದು. ಒಂಬತ್ತು ಹತ್ತು ದಿನದಿಂದ ಇದನ್ನ ನಿಮ್ಮ ತಂಬಗಿಗಿ ಹಾಕೀನ್ರಿ ಅತ್ತಿ. ಮ್ಯಾಲ ಬಟ್ಟಿ ಸೋಡಾನೂ ಹಾಕೀನಿ. ಪೊರಿ ಹೋಗ್ಲಿ ಅಂತ ಹಾಕಿದ್ದೆ. ಲೇಪ ಅದರಿಂದ ಹೋಗ್ಯಾದ. ನಿಮಗ ಸುಳ್ಳು ಹೇಳೀನಿ. ತಪ್ಪು ನಂದು, ಪೂರಾ ನಂದೇ."

ಹೇಳುತ್ತ ಹೇಳುತ್ತ ನನಗೆ ಅಳು ಒತ್ತರಿಸಿ ಬಂತು.

ಅತ್ತೆ ನನ್ನ ಕೈಯಿಂದ ಸೀಸೆ ತೆಗೆದು ನೆಲಕ್ಕಿಟ್ಟರು. ಆಮೇಲೆ ನಿಧಾನಕ್ಕೆ ಕೇಳಿದರು, "ಅಂದ್ರ ಇದು ಆ ಮೂರು ದಿನದ್ದು ಅಲ್ಲ?"

"ಅಲ್ರಿ."

"ನಿಂದು?"

"ಹೌದ್ರಿ, ನಂದು."

"ಖರೇನೇ ನಿಂದು?"

"ನಿಮ್ಮ ಪಾದದ ಆಣಿ, ನಂದು."

ಅವರು ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟರು. ಬೈಗಳಕ್ಕೆ ನಾನು ತಲೆ ತಗ್ಗಿಸಿ ಕೂತಿದ್ದೆ. ಬೈಗಳು ಬರಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿ, "ಏಳು. ಒಲಿ ಹಚ್ಚಿ ಬ್ಯಾಳಿ ಇಡು" ಎಂದರು.

"ಅನ್ನ ನೀರು ಮುಟ್ಟಂಗಿಲ್ಲ ಅಂದಿದ್ರಲ್ಲ?"

"ಪೂಜಿ ಆಗೋತನಕ ಉಣ್ಣಂಗಿಲ್ಲ. ಈ ನೀರಾಗ ಬ್ಯಾಳಿ ಬೇಯೂದ್ರಾಗ ಅಯ್ಯನವ್ರು ಬರ್ತಾರ, ಇಡು."

ಅಳುತ್ತಿದ್ದವಳಿಗೆ ನಗು ಬಂತು. ನಗುವುದೋ ಅಳುವುದೋ ತಿಳಿಯದೆ ಒಲೆ ಊದಿದೆ.

ಅಯ್ಯನವರು ಬಂದರು. ಬೇಳೆ ಇನ್ನೂ ಬೆಂದಿರಲಿಲ್ಲ. ಅವರು ಲಿಂಗವನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, "ಕಲ್ಲು ಗಟ್ಟಿ ಅದ. ಮ್ಯಾಲಿಂದು ಸವೀತದ, ಮತ್ತ ಕಟ್ಟೂದು. ಅದಕ್ಯಾಕ ಇಷ್ಟು ಘಾಬ್ರಿ?" ಎಂದರು. ಎರಡು ದಿನ ನಮ್ಮಲ್ಲೇ ಉಳಿದು ಹೊಸ ಲೇಪ ಕಟ್ಟಿಕೊಟ್ಟರು. ಅಷ್ಟರ ತನಕ ತಮ್ಮ ಚೀಲದಲ್ಲಿದ್ದ ಬೇರೆ ಲಿಂಗ ಕೊಟ್ಟು ಪೂಜೆ ಮಾಡಿಸಿದರು. ಸೋಡಾ ಹಾಕಿದ್ದು ಯಾರು ಎಂದು ಅವರು ಕೇಳಲಿಲ್ಲ. ಅತ್ತೆ ತಾವಾಗಿಯೇ ಹೇಳಿದರು. ನನ್ನ ಕಡೆ ಬೆರಳು ಮಾಡಿ ಆ ಮಾತು ಹೇಳಿದ್ದು ಅದೇ ಮೊದಲ ಸಲ.

ಆ ವರ್ಷದ ಮೊದಲ ಮಳೆಗೆ ಅತ್ತೆಯೇ ಸೂರಿನ ಕೆಳಗೆ ಹಂಡೆ, ಕೊಡ, ಕೊಪ್ಪರಿಗೆ ಎಲ್ಲ ಸಾಲಾಗಿ ಇಡಿಸಿದರು. ಆಕಾಶದಿಂದ ನೇರ ಬಂದದ್ದು ಬಾವಿಯ ನೀರಿಗಿಂತ ಮೀಸಲು ಎಂದು ತಾವೇ ತೀರ್ಪು ಕೊಟ್ಟುಕೊಂಡರು. ಪೂಜೆಗೆ ಕೂರುವ ಮುಂಚೆ ಸೀಸೆಯಲ್ಲಿ ಒಂದಿಷ್ಟು ನೀರು ಹಾಕಿ, ಸಾಬೂನು ಬಿಟ್ಟು, ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದರು. ಕಿವಿಯ ಹತ್ತಿರ ಯಾಕೆ ಎಂದು ಕೇಳಿದರೆ ಮತ್ತೊಮ್ಮೆ ಕುಲುಕುತ್ತಿದ್ದರು. ನೊರೆ ನಿಂತರೆ, "ಇದು ನಡೀತದ" ಎಂದು ತಂಬಿಗೆ ಎತ್ತಿಕೊಳ್ಳುತ್ತಿದ್ದರು. ಮಳೆ ನೀರು ಮುಗಿದ ಮೇಲೆ ಅಗ್ಗವಣಿ ಒಲೆ ಏರಬಾರದೆಂಬ ನಿಯಮವನ್ನೂ ಸಡಿಲ ಮಾಡಿದರು. ಎರಡು ಹೊತ್ತಿನ ಊಟ ಮತ್ತೆ ತಪ್ಪಲಿಲ್ಲ.

ಎಷ್ಟೋ ವರ್ಷಗಳಾದ ಮೇಲೆ, ಅವರು ಹಾಸಿಗೆ ಹಿಡಿದಿದ್ದಾಗ, ಒಂದು ಸಂಜೆ ತಲೆ ಬಾಚುತ್ತ ಕೇಳಿದೆ. "ಅತ್ತಿ, ನೀರಾಗ ಸುಣ್ಣ ಇರ್ತದಂತ ನಾ ಅವತ್ತು ತೋರಿಸಿದ್ನಲ್ಲ, ನಿಮಗ ಖರೇನ ತಿಳೀತೇನ್ರಿ?"

"ಇಲ್ಲವಾ" ಎಂದರು. "ತಿಳಿ ನೀರಾಗ ಸುಣ್ಣ ಹ್ಯಾಂಗ ಇರ್ತದ? ಸುಣ್ಣ ಹಾಕಿದ್ರ ಸುಣ್ಣ ಹ್ಯಾಂಗ ಹೋಗ್ತದ? ನಂಗ ಇವತ್ತಿಗೂ ತಿಳಿದಿಲ್ಲ."

"ಮತ್ತ ಅವತ್ತು ಹ್ಯಾಂಗ ನಂಬಿದ್ರಿ?"

ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು.

"ನಿನ್ನ ಮಾವ ಸತ್ತಾಗ ತಪ್ಪು ನಂದು ಅಂದ್ರು. ದನ ಸತ್ತಾಗ ನಂದು, ಬೆಳಿ ಕೆಟ್ಟಾಗ ನಂದು. ತಪ್ಪು ನಂದು ಅಂತ ಬ್ಯಾರೆಯವರು ನನ್ನ ಮುಂದ ಅತ್ತದ್ದು ನಾ ಅವತ್ತೇ ನೋಡಿದ್ದು. ನೀರಿಂದು ಯಾರಿಗಿ ಬೇಕಾಗಿತ್ತವಾ?"

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. "ಹೂಂ, ಜಡಿ ಹಾಕು" ಎಂದರು. ನಾನು ಹಾಕಿದೆ.